ಗೇಣು ಬಿಟ್ಟ ಸೀಟು

ಹಳೆಯ ಬೈಕಿನ ಬಿಡಿಭಾಗ ಕೇಳಿಕೊಂಡು ಹೆಂಗಸೊಬ್ಬಳು ಅಂಗಡಿಯ ಮೆಟ್ಟಿಲು ಹತ್ತಿದರೆ ಉಡುಪಿಯಿಂದ ಕಾರ್ಕಳದವರೆಗೆ ಎಲ್ಲರೂ ಮೊದಲು ಕೇಳುವುದು ಒಂದೇ ಮಾತು, ಯಜಮಾನರು ಬರಲಿಲ್ಲವಾ ಎಂದು. ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಮೂರನೆಯ ಅಂಗಡಿಯ ಹೊತ್ತಿಗೆ ತಾಳ್ಮೆ ಕೆಟ್ಟಿತು. ನಮ್ಮ ಯಜಮಾನರಿಗೆ ಸೈಕಲಿನ ಚೈನು ತಪ್ಪಿದರೆ ಹಾಕಲಿಕ್ಕೂ ಬರುವುದಿಲ್ಲ, ಕೇಳುವುದೇನಿದ್ದರೂ ನನ್ನನ್ನೇ ಕೇಳಿ ಎಂದುಬಿಟ್ಟೆ. ನಾನು ಮಣಿಪಾಲದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಬಲ, ಘರ್ಷಣೆ, ವೇಗ ಎಂದು ಬೋರ್ಡಿನ ಮೇಲೆ ಬರೆದು ಬರೆದು ಕೈ ಸವೆದಿದೆ. ಆದರೆ ಒಂದು ಬೋಲ್ಟು ತನ್ನ ತೂತಿಗೆ ಕೂರದೆ ಹಟ ಹಿಡಿದರೆ ಮನುಷ್ಯರಿಗೆ ಎಷ್ಟು ಸಿಟ್ಟು ಬರಬಹುದು ಎಂಬುದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಬೈಕು ಅಪ್ಪನದು. ಮೈಸೂರಿನಲ್ಲಿ ತಯಾರಾಗುತ್ತಿದ್ದ, ಎರಡು ಸೈಲೆನ್ಸರಿನ, ಗೇರಿನ ಲಿವರನ್ನೇ ಹಿಂದಕ್ಕೆ ಮಡಚಿ ಕಿಕ್ ಹೊಡೆಯುವ ಹಳೆಯ ಬೈಕು. ಅಪ್ಪ ಕಾಪುವಿನ ಹತ್ತಿರದ ಒಂದು ಸಣ್ಣ ದೇವಸ್ಥಾನದಲ್ಲಿ ಅರ್ಚಕರಾಗಿದ್ದರು. ನಮ್ಮ ಮನೆ ಉದ್ಯಾವರದಲ್ಲಿ. ಬೆಳಿಗ್ಗೆ ಐದಕ್ಕೆ ಬಾವಿಕಟ್ಟೆಯಲ್ಲಿ ಸ್ನಾನ ಮುಗಿಸಿ, ಮಡಿಯುಟ್ಟು, ಕಚ್ಚೆ ಬಿಗಿದು, ಹೆಗಲಿಗೊಂದು ಶಾಲು ಹಾಕಿ ಅವರು ಕಿಕ್ ಹೊಡೆದರೆ ನಮ್ಮ ಕೇರಿಯ ನಾಯಿಗಳೆಲ್ಲ ಏಳುತ್ತಿದ್ದವು. ಮೈಮೇಲೆ ಅಂಗಿ ಇಲ್ಲದೆ, ಹಣೆಯಲ್ಲಿ ಮುದ್ರೆ ಹಚ್ಚಿ, ಹೆದ್ದಾರಿಯಲ್ಲಿ ಲಾರಿಗಳನ್ನು ಹಿಂದಿಕ್ಕುತ್ತಿದ್ದ ಭಟ್ರನ್ನು ಕಟಪಾಡಿ ಪೇಟೆಯ ಹಳಬರು ಈಗಲೂ ನೆನಪು ಮಾಡುತ್ತಾರೆ.

ಅವರ ಹಿಂದೆ ನಾನಿರುತ್ತಿದ್ದೆ. ನನಗೆ ಸಣ್ಣದರಲ್ಲಿ ದಮ್ಮು. ನಮ್ಮ ಮನೆಯಿಂದ ಬಸ್ಸು ನಿಲ್ಲುವಲ್ಲಿಗೆ ಗದ್ದೆ ದಾಟಿ ದೂರ ನಡೆಯಬೇಕು. ನಡೆದು ಹೋಗಿ, ಆಮೇಲೆ ಬಸ್ಸಿನಲ್ಲಿ ಜನರ ನಡುವೆ ಸಿಕ್ಕಿಹಾಕಿಕೊಂಡರೆ ಶಾಲೆ ತಲುಪುವಾಗ ನನ್ನ ಎದೆಯೊಳಗೆ ಕೊಳಲು ಊದುತ್ತಿತ್ತು. ಎರಡನೆಯ ತರಗತಿಯಲ್ಲಿ ಅರ್ಧ ವರ್ಷ ಮನೆಯಲ್ಲೇ ಕಳೆದೆ. ಆಮೇಲೆ ಅಪ್ಪ ನನ್ನನ್ನು ಬೈಕಿನಲ್ಲಿ ಕರೆದುಕೊಂಡು ಹೋಗತೊಡಗಿದರು. ಶಾಲೆ ಕಾಪುವಿನಲ್ಲಿ. ಬೇಗ ಹೋಗಿ ದೇವಸ್ಥಾನದ ಹೊರಗಿನ ಜಗಲಿಯಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡಿ, ಗಂಟೆಯಾದಾಗ ಶಾಲೆಗೆ ಹೋಗುವುದು. ಏಳನೆಯ ತರಗತಿ ಮುಗಿಯುವವರೆಗೂ ಹೀಗೆ.

ಎಲ್ಲರ ಬೈಕಿಗೂ ಒಂದೇ ಉದ್ದ ಸೀಟು ಇರುತ್ತಿತ್ತು. ನನ್ನ ಕ್ಲಾಸಿನ ಹುಡುಗಿಯರು ತಂದೆಯ ಸೊಂಟ ಹಿಡಿದು, ಬೆನ್ನಿಗೆ ಕೆನ್ನೆ ಒತ್ತಿ ಬರುತ್ತಿದ್ದರು. ಅಪ್ಪನ ಬೈಕಿನಲ್ಲಿ ಹಾಗಿರಲಿಲ್ಲ. ಅಪ್ಪ ಕೂರುವ ಸೀಟು ಒಂದು, ನಾನು ಕೂರುವ ಪುಟ್ಟ ಸೀಟು ಇನ್ನೊಂದು, ಎರಡರ ನಡುವೆ ಒಂದು ಗೇಣು ಖಾಲಿ. ಆ ಖಾಲಿಯ ಮಧ್ಯದಲ್ಲಿ ಬಾಗಿಸಿ ನಿಲ್ಲಿಸಿದ ಕಬ್ಬಿಣದ ಕಮಾನು. ನಾನು ಹಿಡಿಯಬೇಕಾದದ್ದು ಅದನ್ನು. ಸ್ನಾನ ಮಾಡಿ ಮಡಿಯುಟ್ಟ ಮೇಲೆ ಪೂಜೆ ಮುಗಿಯುವವರೆಗೆ ಅಪ್ಪನನ್ನು ಯಾರೂ ಮುಟ್ಟುವಂತಿಲ್ಲ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೂ ಎಂಟು ವರ್ಷದ ಹುಡುಗಿಗೆ, ಅಪ್ಪ ತನ್ನನ್ನು ದೂರ ಇಡಲಿಕ್ಕೆಂದೇ ಸೀಟನ್ನು ಕಡಿಸಿ ಹೀಗೆ ಮಾಡಿಸಿದ್ದಾರೆ ಎಂದು ಅನಿಸಿದರೆ ತಪ್ಪೇನು? ಮಳೆಗಾಲದಲ್ಲಿ ಆ ಕಮಾನು ತಣ್ಣಗೆ ಕೊರೆಯುತ್ತಿತ್ತು. ಎದುರಿಗೆ ಅಪ್ಪನ ಬೆನ್ನು ಬೆಚ್ಚಗೆ ಕಾಣುತ್ತಿತ್ತು. ಐದು ವರ್ಷ ಆ ಬೆನ್ನನ್ನು ನೋಡುತ್ತಾ ಶಾಲೆಗೆ ಹೋದೆ, ಒಂದು ದಿನವೂ ಮುಟ್ಟಲಿಲ್ಲ.

ಅಪ್ಪನಿಗೆ ಈಗ ಎಂಬತ್ತಮೂರು. ಕೆಲವು ವರ್ಷಗಳಿಂದ ಮಣಿಪಾಲದಲ್ಲಿ ನಮ್ಮ ಜೊತೆಗೇ ಇದ್ದಾರೆ. ಅವರ ಜೊತೆಗೆ ಉದ್ಯಾವರದ ಮನೆಯ ದನದ ಹಟ್ಟಿಯಲ್ಲಿ ಗೋಣಿ ಹೊದ್ದು ನಿಂತಿದ್ದ ಬೈಕೂ ಟೆಂಪೋದಲ್ಲಿ ಬಂತು. ಅದನ್ನು ಗುಜರಿಗೆ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ. ಕಳೆದ ವರ್ಷ ಅಪ್ಪ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯತೊಡಗಿದಾಗ ನನ್ನೊಳಗೆ ಏನೋ ಅವಸರ ಹುಟ್ಟಿತು. ಈ ಬೈಕನ್ನು ಸರಿಮಾಡಿಸಬೇಕು, ಅದಕ್ಕೆ ಕಂಪೆನಿಯವರು ಮಾಡಿದಂಥದೇ ಉದ್ದ ಸೀಟು ಹಾಕಿಸಬೇಕು, ಅಪ್ಪನಿಗೆ ಹತ್ತಲು ಆಗುವಷ್ಟು ತ್ರಾಣ ಇರುವಾಗಲೇ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಕಾಪುವಿಗೆ ಹೋಗಿ ಬರಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ. ಹೇಳಲು ನಾಚಿಕೆಯಾಗಿ, ಹಳೆಯ ವಾಹನದ ಹುಚ್ಚು ಎಂದು ಎಲ್ಲರ ಬಳಿ ಸುಳ್ಳು ಹೇಳಿದೆ.

ಕೆಲಸಕ್ಕೆ ಹಿರಿಯಡ್ಕದ ಒಬ್ಬ ಮೆಕ್ಯಾನಿಕ್ ಸಿಕ್ಕಿದರು. ಐವತ್ತು ದಾಟಿದವರು, ಮಾತು ಕಡಿಮೆ. ಇಂಜಿನ್ ಬಿಚ್ಚಿ ಹಳೆಯ ಪಂಚೆಯೊಂದರ ಮೇಲೆ ಹರಡಿ, ಏನೇನು ಬೇಕು ಎಂದು ಒಂದು ಚೀಟಿ ಬರೆದುಕೊಟ್ಟರು. ಆ ಚೀಟಿ ಹಿಡಿದು ನಾನು ಅಲೆದ ಅಲೆತ ದೇವರಿಗೇ ಪ್ರೀತಿ. ಮಣಿಪಾಲದ ಹುಡುಗರಿಗೆ ಈಗ ಇಂಥ ಬೈಕೆಂದರೆ ಜೀವ. ಹಾಗಾಗಿ ಸಿಗುತ್ತಿದ್ದ ನಾಲ್ಕು ವಸ್ತುಗಳನ್ನೂ ಅವರು ಮೊದಲೇ ಬಾಚಿಕೊಂಡಿದ್ದರು. ಉಡುಪಿಯ ಹಳೆಯ ಅಂಗಡಿಯೊಂದರಲ್ಲಿ ಪೆಟ್ರೋಲ್ ಕಾಕ್ ಇತ್ತು, ಎಣ್ಣೆ ಕಾಗದದಲ್ಲಿ ಸುತ್ತಿ ಇಟ್ಟದ್ದು. ಅಂಗಡಿಯವರು ಅದನ್ನು ಬಿಚ್ಚಿ, ತೋರಿಸಿ, ಒರೆಸಿ, ಪುನಃ ಸುತ್ತಿ ಒಳಗಿಟ್ಟರು. ಅದು ತಂದೆಯ ಕಾಲದ್ದಂತೆ, ಕೊಡುವುದಿಲ್ಲವಂತೆ. ಮತ್ತೆ ತೋರಿಸಿದ್ದು ಯಾಕೆ ಎಂದು ಕೇಳಿದ್ದಕ್ಕೆ, ನೀವು ಕೇಳಿದಿರಲ್ಲ ಎಂದರು.

ಅಂಚೆಯಲ್ಲಿ ತರಿಸಿದವುಗಳ ಕಥೆ ಬೇರೆ. ಪಿಸ್ಟನ್ ರಿಂಗ್ ಬಂತು, ಸಿಲಿಂಡರಿಗಿಂತ ದೊಡ್ಡದು. ಬದಲಾಯಿಸಿದೆ, ಚಿಕ್ಕದು ಬಂತು. ಕ್ಲಚ್ ವೈರ್ ಒಂದು ಬೆರಳು ಗಿಡ್ಡ. ಹೆಡ್‌ಲೈಟಿನ ರಿಂಗಿಗೆ ಸ್ಕ್ರೂ ತೂತು ಎಡಗಡೆ, ನಮ್ಮದಕ್ಕೆ ಬಲಗಡೆ. ಎಲ್ಲದರ ಮೇಲೂ ಒರಿಜಿನಲ್ ಎಂಬ ಚಿನ್ನದ ಬಣ್ಣದ ಚೀಟಿ. ಫೋನು ಮಾಡಿ ಜಗಳ ಆಡಿದರೆ ಎಲ್ಲ ಊರಿನ ಮಾರಾಟಗಾರರಿಗೂ ಒಂದೇ ಉತ್ತರ, ಸ್ವಲ್ಪ ಅರ ಹಾಕಿ ತಿಕ್ಕಿದರೆ ಕೂರುತ್ತದೆ. ಅರ ಹಾಕಿ ತಿಕ್ಕಿ ತಿಕ್ಕಿ ಕೊನೆಗೆ ವಸ್ತುವೇ ಉಳಿಯುವುದಿಲ್ಲ ಎಂದು ನಮ್ಮ ಮೆಕ್ಯಾನಿಕ್ ಗೊಣಗಿದರು. ಕಾರ್ಕಳದ ಗುಜರಿಯಲ್ಲಿ ಕೆಟ್ಟ ಬೈಕೊಂದರ ಹೊಟ್ಟೆ ಬಗೆದು ಕಾರ್ಬೊರೇಟರ್ ತಂದ ದಿನ ಇಬ್ಬರೂ ಹಬ್ಬ ಮಾಡಿದೆವು. ಎರಡು ಗ್ಲಾಸು ಚಹಾ, ಎರಡು ಬನ್ಸ್.

ಹಾಗೆ ಮಳೆಗಾಲ ಕಳೆದು ಇಂಜಿನ್ ಒಂದು ಹದಕ್ಕೆ ಬಂತು. ಇನ್ನು ಸೀಟು. ಆ ಕಮಾನನ್ನೂ ಪುಟ್ಟ ಸೀಟನ್ನೂ ಕಡಿದು ತೆಗೆಯಿರಿ ಎಂದೆ. ಮೆಕ್ಯಾನಿಕ್ ಸ್ವಲ್ಪ ಹೊತ್ತು ಕಮಾನನ್ನೇ ನೋಡಿದರು. ತುಂಬಾ ಒಳ್ಳೆಯ ಕೆಲಸ ಇದು, ಇರಲಿ ಅಲ್ವಾ ಎಂದು ಕೇಳಿದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಬೈಕು ಯಾರದು, ನಿಮ್ಮದಾ, ನನ್ನದಾ ಎಂದೆ. ಕಡಿಯುವ ಮಿಷನ್ನು ಕಿಡಿ ಹಾರಿಸುವಾಗ ನಾನು ಹತ್ತಿರವೇ ನಿಂತು ನೋಡಿದೆ. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಕಡಿದ ತುಂಡುಗಳು ಇತರ ಕಬ್ಬಿಣದ ಜೊತೆ ಗುಜರಿಯವನ ಗಾಡಿ ಹತ್ತಿದವು.

ಉದ್ದ ಸೀಟು ದೊಡ್ಡ ಪೆಟ್ಟಿಗೆಯಲ್ಲಿ ಬಂತು. ಇಟ್ಟು ನೋಡಿದರೆ ಮುಂದಿನ ಕೊಕ್ಕೆ ಕೂತರೆ ಹಿಂದಿನ ಬೋಲ್ಟು ಸಿಗುವುದಿಲ್ಲ. ಹಿಂದಿನದು ಸಿಕ್ಕಿದರೆ ಮುಂದೆ ಟ್ಯಾಂಕಿನ ಬುಡದಲ್ಲಿ ಹಳ್ಳ. ನಾನು ಮಾರಾಟಗಾರನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಪಾಪ ಇನ್ನೊಂದು ಕಳಿಸಿದ. ಅದೂ ಅಷ್ಟೇ. ಬೇರೆಯವರಿಂದ ಮೂರನೆಯದು ತರಿಸಿದೆ, ಅದೂ ಒಂದು ಗೇಣು ಗಿಡ್ಡ. ಕಾಲಿಡುವ ಕಡ್ಡಿಯದ್ದೂ ಅದೇ ರಾಮಾಯಣ. ಹೊಸತಕ್ಕೆ ಒಂದು ತೂತು, ನಮ್ಮ ಬೈಕಿನ ಪಟ್ಟಿಗೆ ಒಂದರ ಕೆಳಗೊಂದು ಮೂರು.

ಆಗ ಮೆಕ್ಯಾನಿಕ್ ಟೇಪು ಹಿಡಿದು ಚಾಸಿಯನ್ನೇ ಅಳೆದರು. ಮೊಣಕಾಲೂರಿ ಕೂತು, ಬಣ್ಣ ಕೆರೆದು, ನನ್ನನ್ನು ಕರೆದರು. ಯಾರೋ ಯಾವ ಕಾಲದಲ್ಲೋ ಹಿಂದಿನ ಕೊಳವೆಗಳನ್ನು ಎರಡೂ ಕಡೆ ಕಡಿದು, ನಡುವೆ ಗೇಣುದ್ದದ ತುಂಡು ಸೇರಿಸಿ, ಬೆಸುಗೆ ಕಾಣದ ಹಾಗೆ ಮಾಡಿದ್ದರು. "ಸೀಟುಗಳು ಸರಿ ಉಂಟು ಮೇಡಂ. ನಿಮ್ಮ ಬೈಕೇ ಉದ್ದ ಉಂಟು" ಎಂದರು. ಇಂಥ ಬೆಸುಗೆ ಹಾಕುವವರು ಆ ಕಾಲಕ್ಕೆ ಕಾರ್ಕಳದಲ್ಲಿ ಒಬ್ಬರೇ ಇದ್ದದ್ದು, ಲೇತ್ ಮಿಷನ್ನಿನ ಅಂಗಡಿಯವರು, ಅವರು ಇನ್ನೂ ಇದ್ದಾರೆ, ಕಡಿದು ಗಿಡ್ಡ ಮಾಡುವುದಿದ್ದರೆ ಅವರನ್ನೇ ಕೇಳಿ ಎಂದೂ ಹೇಳಿದರು.

ಮುಂದಿನ ಭಾನುವಾರ ಕಾರ್ಕಳಕ್ಕೆ ಹೋದೆ. ಲೇತನ್ನು ಈಗ ಮಗ ನಡೆಸುತ್ತಾರೆ. ಮುದುಕರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಹೋಗಿ ಬರುವವರನ್ನು ಮಾತಾಡಿಸುತ್ತಾ ಕೂತಿದ್ದರು. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಕನ್ನಡಕ ಸರಿಮಾಡಿ ನೋಡಿದರು. ಬೈಕನ್ನು ಬಿಟ್ಟು ನನ್ನ ಮುಖ ನೋಡಿದರು.

"ನೀವು ಆ ಭಟ್ರ ಮಗಳಾ? ದಮ್ಮಿನ ಮಗು?"

ಹೌದೆಂದೆ. ಕುರ್ಚಿ ತರಿಸಿದರು, ನೀರು ತರಿಸಿದರು. ಅಪ್ಪ ಉಡುಪಿಯಲ್ಲಿ ಮಾಡಿಸಿದರೆ ಮಾತು ಬರುತ್ತದೆಂದು ಅಷ್ಟು ದೂರ ಬಂದಿದ್ದರಂತೆ. ಯಾಕೆ ಮಾಡಿಸಿದ್ದು ಎಂದು ಕೇಳಿದೆ. ಮಡಿಯ ವಿಷಯ ಹೇಳುತ್ತಾರೆಂದುಕೊಂಡಿದ್ದೆ. ಅವರಿಗೆ ಆಶ್ಚರ್ಯವಾಯಿತು.

"ನಿಮಗೆ ಹೇಳಲಿಲ್ವಾ ಅವರು? ಮಗಳನ್ನು ಬೈಕಿನಲ್ಲಿ ಕರೆದುಕೊಂಡು ಬರ್ತೇನೆ ಅಂದದ್ದಕ್ಕೆ, ಹುಡುಗಿ ಮುಟ್ಟಿಕೊಂಡು ಬರುವ ಭಟ್ರು ನಮಗೆ ಬೇಡ ಅಂತ ದೇವಸ್ಥಾನದವರು ಹೇಳಿದ್ರಂತೆ. ಒಂದಾ ಅವಳನ್ನು ಮನೆಯಲ್ಲಿ ಬಿಡಿ, ಇಲ್ಲದಿದ್ರೆ ನೀವೂ ಬರುವುದು ಬೇಡ ಅಂತ. ಬೇರೆ ಯಾರಾದ್ರೂ ಆಗಿದ್ರೆ ಆಗಲೇ ನಿಮ್ಮ ಶಾಲೆ ಬಿಡಿಸ್ತಿದ್ರು ಅಮ್ಮ. ಇವರು ಬೈಕು ತಂದು ಇಲ್ಲೇ ನಿಲ್ಲಿಸಿ, ಒಂದು ಗೇಣು ಉದ್ದ ಮಾಡಿಕೊಡು ಮಾರಾಯ, ನನಗೆ ಮಗಳನ್ನು ಬಿಟ್ಟು ಬರಲಿಕ್ಕೆ ಆಗುವುದಿಲ್ಲ ಅಂದ್ರು."

ಅಷ್ಟರಲ್ಲಿ ನಿಲ್ಲಿಸಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆನೇನೋ. ಆದರೆ ಅವರಿಗೆ ಕೆಲಸ ಚೆನ್ನಾಗಿ ನೆನಪಿತ್ತು. ಮುಂದೆಯೂ ಹೇಳಿದರು. ಅಪ್ಪ ಜೇಬಿಲ್ಲದ ಮನುಷ್ಯ, ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಹುರಿಹಗ್ಗ ತಂದಿದ್ದರಂತೆ. ಅದರಲ್ಲಿ ಗಂಟು ಹಾಕಿದ್ದು ನನ್ನ ಕೈಯ ಉದ್ದ. ಕಮಾನು ಅಷ್ಟೇ ದೂರದಲ್ಲಿ ಬರಬೇಕು, ಮಗು ಬಗ್ಗಿದರೆ ಎದೆ ಒತ್ತುತ್ತದೆ, ಉಸಿರು ಕಟ್ಟುತ್ತದೆ ಎಂದಿದ್ದರಂತೆ. ಇನ್ನೊಂದು ಗಂಟು ಕಾಲಿನ ಉದ್ದ. ನಾನು ಬೆಳೆದಂತೆ ಎರಡು ಸಲ ಕಾರ್ಕಳಕ್ಕೆ ಬಂದು ಕಡ್ಡಿಯನ್ನು ಕೆಳಗಿಳಿಸಿ ಹೋಗಿದ್ದರಂತೆ. ಆ ಮೂರು ತೂತುಗಳು ನನ್ನ ಕಾಲುಗಳು ಬೆಳೆದ ಗುರುತು.

ನನಗೆ ಅಳು ಬಂತು. ಲೇತಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ನಲವತ್ತು ವರ್ಷ ಒಬ್ಬ ಮನುಷ್ಯನ ಮೇಲೆ ಮುನಿಸು ಇಟ್ಟುಕೊಂಡು, ಅವರು ನನಗಾಗಿ ಮಾಡಿಸಿದ್ದನ್ನು ನಿಂತು ಕಡಿಸಿ ಬಂದಿದ್ದೆ. ಚಾಸಿ ಕಡಿದು ಗಿಡ್ಡ ಮಾಡಿಕೊಡಬೇಕಾ ಎಂದು ಮುದುಕರು ಕೇಳಿದರು. ಬೇಡ ಎಂದೆ. ಅಲ್ಲಿಂದ ನೇರ ಹಿರಿಯಡ್ಕದ ಗುಜರಿಗೆ ಹೋಗಿ ಕಮಾನು ಕೇಳಿದೆ. ಆ ಲೋಡು ಹೋಗಿ ಎರಡು ತಿಂಗಳಾಯಿತು, ಈಗ ಎಲ್ಲಿಯದ್ದೋ ಕಟ್ಟಡದ ಸರಳಾಗಿರಬಹುದು ಎಂದರು.

ಆ ಸಂಜೆ ಅಪ್ಪನಿಗೆ ಲೇತಿನವರು ಸಿಕ್ಕಿದ ವಿಷಯ ಹೇಳಿದೆ. ಅವನು ಇನ್ನೂ ಇದ್ದಾನಾ ಎಂದು ಖುಷಿಪಟ್ಟರು. ನೀವು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ಹೇಳುವಂಥದ್ದು ಎಂತ ಉಂಟು ಅದರಲ್ಲಿ ಎಂದು ಟಿವಿಯ ಸದ್ದು ಜಾಸ್ತಿ ಮಾಡಿದರು. ಕಮಾನು ಕಡಿಸಿದ್ದನ್ನು ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಬೈಕನ್ನು ಕಂಪೆನಿಯ ಅಳತೆಗೆ ತರುವ ಹಟ ಅಲ್ಲಿಗೆ ಬಿಟ್ಟೆ. ಉಡುಪಿಯಲ್ಲಿ ರಿಕ್ಷಾಗಳಿಗೆ ಸೀಟು ಹೊಲಿಯುವವರ ಹತ್ತಿರ ಹೋಗಿ, ಈ ಚಾಸಿಗೆ ಎಷ್ಟು ಬೇಕೋ ಅಷ್ಟುದ್ದದ ಒಂದೇ ಸೀಟು ಮಾಡಿಕೊಡಿ ಎಂದೆ. ಅವರು ಹಲಗೆ ಕೊಯ್ದು, ತೆಂಗಿನ ನಾರು ತುಂಬಿ, ಕಪ್ಪು ರೆಕ್ಸಿನ್ ಎಳೆದು ಹೊಲಿದರು. ಎಂಥ ಕಂಪೆನಿಯೂ ಅಷ್ಟುದ್ದದ ಸೀಟು ಮಾಡಿರಲಿಕ್ಕಿಲ್ಲ. ವರ್ಷವಿಡೀ ಹುಡುಕಿದ ವಸ್ತುಗಳ ಪೈಕಿ, ಇಟ್ಟ ಕೂಡಲೇ ಟಕ್ಕೆಂದು ಕೂತದ್ದು ಇದೊಂದೇ. ಮೆಕ್ಯಾನಿಕ್ ಸೀಟಿನ ಮೇಲೆ ಎರಡು ಸಲ ತಟ್ಟಿ, ಸರಿಯಾಯ್ತು ಎಂದರು.

ಓಡಿಸಲು ಕಲಿತ ಪಾಡು ಬೇರೆಯೇ. ಸ್ಕೂಟರು ಓಡಿಸಿ ಅಭ್ಯಾಸವಿದ್ದ ನಾನು ಕಿಕ್ ಹೊಡೆಯುವಾಗ ಲಿವರು ವಾಪಸು ಹಾರಿ ಮೊಣಕಾಲಿನ ಕೆಳಗೆ ಎರಡು ಸಲ ನೀಲಿಗಟ್ಟಿತು. ಕಾಲೇಜಿನ ಹುಡುಗರು ನೋಡಿ ನಕ್ಕರು, ಆಮೇಲೆ ಅವರೇ ಬಂದು ಕ್ಲಚ್ ಬಿಡುವುದನ್ನು ಹೇಳಿಕೊಟ್ಟರು. ಡಿಸೆಂಬರಿನ ಒಂದು ಭಾನುವಾರ, ಕಾಪುವಿಗೆ ಹೋಗಿ ಬರೋಣ ಎಂದು ಅಪ್ಪನಿಗೆ ಹೇಳಿದೆ. ದೇವರ ದರ್ಶನ ಎಂದರೆ ಅವರು ಇಲ್ಲ ಎನ್ನುವುದಿಲ್ಲ. ಯಜಮಾನರು ಕಾರಿನಲ್ಲಿ ಹಿಂದೆಯೇ ಬರುವುದು, ಅಪ್ಪನಿಗೆ ಸುಸ್ತಾದರೆ ಕಾರಿಗೆ ಹತ್ತುವುದು ಎಂಬ ಷರತ್ತಿನ ಮೇಲೆ ಮನೆಯಲ್ಲಿ ಒಪ್ಪಿಗೆ ಸಿಕ್ಕಿತು.

ಬೆಳಿಗ್ಗೆ ಅಪ್ಪ ಸ್ನಾನ, ಜಪ ಮುಗಿಸಿ, ಮಡಿಯುಟ್ಟು, ಶಾಲು ಹೊದ್ದು ಹೊರಗೆ ಬಂದರು. ಬೈಕಿನ ಸುತ್ತ ಒಂದು ಸುತ್ತು ಬಂದರು. ಟ್ಯಾಂಕಿನ ಮೇಲೆ ಕೈಯಿಟ್ಟರು. ಸೀಟನ್ನು ನೋಡಿದರು, ಕಮಾನು ಇದ್ದ ಜಾಗವನ್ನು ನೋಡಿದರು. ಮೆಟ್ಟಿಲ ಮೇಲೆ ನಿಂತು, ಗೋಡೆ ಹಿಡಿದು, ನಿಧಾನಕ್ಕೆ ಹಿಂದೆ ಕಾಲು ಹಾಕಿ ಕೂತರು. ಹೆಲ್ಮೆಟ್ಟಿನೊಳಗೆ ಜುಟ್ಟು ಸೇರಿಸಿಕೊಳ್ಳಲು ಅವರಿಗೆ ಎರಡು ನಿಮಿಷ ಬೇಕಾಯಿತು.

"ಹಿಡಿಯಲಿಕ್ಕೆ ಎಂತದೂ ಇಲ್ಲವಲ್ಲ" ಎಂದರು.

"ಇಲ್ಲ ಅಪ್ಪ. ನಾನೇ ಕಡಿಸಿಬಿಟ್ಟೆ. ನನ್ನನ್ನೇ ಹಿಡಿದುಕೊಳ್ಳಿ."

ಅವರು ಮಡಿಯಲ್ಲಿದ್ದಾರೆ ಎಂಬುದು ಅಷ್ಟು ಹೊತ್ತಿಗೆ ನನಗೆ ನೆನಪಾಯಿತು. ಕಾರಿನಲ್ಲೇ ಹೋಗೋಣ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಎರಡು ಕೈಗಳು ನನ್ನ ಹೆಗಲ ಮೇಲೆ ಬಂದು ಕೂತವು. ಹಗುರ ಕೈಗಳು.

"ಅಲ್ಲಿ ಹೋಗಿ ಇನ್ನೊಮ್ಮೆ ಎರಡು ಕೊಡಪಾನ ನೀರು ಹೊಯ್ದುಕೊಂಡರಾಯಿತು" ಎಂದರು ಅಪ್ಪ. ಆಮೇಲೆ ಇನ್ನೂ ಮೆಲ್ಲಗೆ ಹೇಳಿದರು. "ಆಗಲೂ ಅಷ್ಟೇ ಮಾಡಿದ್ದರೆ ಸಾಕಿತ್ತು ಮಗಾ. ದೇವಸ್ಥಾನದ ಬಾವಿಕಟ್ಟೆಯಲ್ಲಿ ಎಲ್ಲರೆದುರು ನಿಂತು, ಮಗಳು ಮುಟ್ಟಿದ್ದಾಳೆ, ಅದಕ್ಕೆ ಸ್ನಾನ ಮಾಡ್ತಿದ್ದೇನೆ ಅಂತ ಹೇಳುವ ಧೈರ್ಯ ನನಗೆ ಇರಲಿಲ್ಲ."

ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಇಬ್ಬರಿಗೂ ಹೊರಡಲು ಆಗುತ್ತಿರಲಿಲ್ಲ. ಲಿವರು ಮಡಚಿ ಕಿಕ್ ಹೊಡೆದೆ, ಎರಡನೆಯದಕ್ಕೆ ಬೈಕು ಎದ್ದಿತು. ಉಡುಪಿ ದಾಟಿ ಹೆದ್ದಾರಿಗೆ ಬಿದ್ದು, ಉದ್ಯಾವರದ ಸೇತುವೆಯ ಮೇಲೆ ಗಾಳಿ ಜೋರಾದಾಗ ಅಪ್ಪ ಹೆಗಲಿನಿಂದ ಕೈ ಇಳಿಸಿ ನನ್ನ ಸೊಂಟ ಹಿಡಿದರು. ಕಾಪು ಬರುವವರೆಗೂ ಬಿಡಲಿಲ್ಲ.